ಭಾನುವಾರ ಬೀದಿಯ ಸಂತೆ ತೆರೆಯಬೇಕೆ?

ಈ ವರ್ಷ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಚರ್ಚಾಕೂಟದಲ್ಲಿ, ‘ನೆರೆಯ ಬೀದಿಯ ಕಾಯಿಪಲ್ಯದ ಸಂತೆಯು ಭಾನುವಾರವೂ ತೆರೆದಿರಬೇಕೆ?’ ಎಂಬ ವಿಷಯವನ್ನು ಇಟ್ಟುಕೊಂಡಿದ್ದೆವು. ಅದು ನಾವು ಹುಡುಕಿ ತಂದ ವಿಷಯವಲ್ಲ. ತಾನಾಗಿಯೇ ಬಾಗಿಲಿಗೆ ಬಂದುದು. ಆ ಬೀದಿಯ ಕಟ್ಟಡಗಳಲ್ಲಿ ವಾಸಿಸುವ ಕೆಲವರು, ಭಾನುವಾರವೂ ವ್ಯಾಪಾರ ನಡೆಯಲೆಂದು ಒಂದು ಮನವಿಯನ್ನು ಬರೆದು ಸಹಿಗಾಗಿ ಮನೆಮನೆಗೆ ಕಳುಹಿಸಿದ್ದರು. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರ ಮನೆಗೂ ಆ ಕಾಗದ ಹೋಗಿತ್ತು. ಮರುದಿನ ತರಗತಿಯಲ್ಲಿ ಗದ್ದಲವೋ ಗದ್ದಲ. ಗದ್ದಲವನ್ನು ಚರ್ಚೆಯಾಗಿ ತಿರುಗಿಸುವುದು ಉಪಾಧ್ಯಾಯರ ಕೆಲಸವಷ್ಟೆ, ಹಾಗೆಯೇ ಮಾಡಿದೆವು.

ಚರ್ಚೆಯು ಚೆನ್ನಾಗಿ ನಡೆಯಿತು. ತೆರೆಯಬೇಕೆಂದವರು, ವಾರವೆಲ್ಲ ಲೋಕಲ್ ಗಾಡಿಯಲ್ಲಿ ತೂಗಾಡಿ ದುಡಿಯುವ ತಂದೆತಾಯಿಗಳಿಗೆ ಕೈಚೀಲ ಹಿಡಿದು ಹೊರಡಲು ಭಾನುವಾರವಲ್ಲದೆ ಬೇರೆ ದಿನವೆಲ್ಲಿದೆ ಎಂದು ಕೇಳಿದರು. ಕೂಡದೆಂದವರು, ವ್ಯಾಪಾರಿಗಳೂ ಮನುಷ್ಯರಲ್ಲವೆ, ಅವರಿಗೆ ವಿಶ್ರಾಂತಿ ಬೇಡವೆ ಎಂದರು. ಭಾನುವಾರ ಬರಿದಾಗುವ ಆ ಬೀದಿಯಲ್ಲಿ ಕ್ರಿಕೆಟ್ ಆಡುವವರಂತೂ ಸ್ವಾರ್ಥವನ್ನು ಮರೆಮಾಡುವ ಗೋಜಿಗೇ ಹೋಗಲಿಲ್ಲ. ಕೈಯೆತ್ತಿಸಿ ಎಣಿಸಿದಾಗ ತೆರೆಯಬೇಕೆಂಬ ಪಕ್ಷಕ್ಕೆ ಹೆಚ್ಚು ಮತಗಳು ಬಂದವು. ಆದರೆ ಎರಡು ಸಲವೂ ಕೈಯೆತ್ತದ ಹುಡುಗನೊಬ್ಬನಿದ್ದನು. ಅವನ ತಾಯಿ ಅದೇ ಬೀದಿಯಲ್ಲಿ ಸೊಪ್ಪು ಮಾರುವವಳು. ತರಗತಿ ಮುಗಿದ ಮೇಲೆ ಅವನನ್ನು ಕರೆದು, ‘ನೀನೇಕಪ್ಪಾ ಸುಮ್ಮನೆ ಕುಳಿತೆ?’ ಎಂದು ವಿಚಾರಿಸಿದೆವು. ‘ಎರಡೂ ಕಡೆಯವ್ರು ಹೇಳಿದ್ದು ಖರೇನ ಅದ ರೀ ಸರ್. ಆದ್ರ ನಮ್ಮವ್ವನ್ನ ಯಾರೂ ಕೇಳಿಲ್ಲ’ ಎಂದನು.

ಆ ಮಾತು ನಮ್ಮನ್ನು ಸುಮ್ಮನಿರಗೊಡಲಿಲ್ಲ. ಆದುದರಿಂದ ಈ ವಿಷಯವನ್ನು ತುಸು ಕೆದಕಿ ನೋಡಿ, ತಿಳಿದಷ್ಟನ್ನು ವಾರ್ಷಿಕ ಸಂಚಿಕೆಯಲ್ಲಿ ವಿವರಿಸುವೆವೆಂದು ತರಗತಿಗೆ ಮಾತು ಕೊಟ್ಟಿದ್ದೆವು.

ಮೊದಲು ಆ ಬೀದಿಯನ್ನು ನೋಡೋಣ. ನಮ್ಮ ಶಾಲೆಯಿಂದ ಹತ್ತು ನಿಮಿಷದ ನಡಿಗೆ. ಗೋಣಿಯ ಮೇಲೆ ಸೊಪ್ಪಿನ ಕಟ್ಟುಗಳನ್ನು ಹರಡಿ ಕುಳಿತ ಹೆಂಗಸರು, ಕೈಗಾಡಿಯ ಮೇಲೆ ಟೊಮೇಟೊ ಈರುಳ್ಳಿಗಳನ್ನು ಗುಡ್ಡೆಹಾಕಿ ನಿಂತ ಗಂಡಸರು, ತುದಿಯಲ್ಲಿ ಮೀನಿನ ಬುಟ್ಟಿಗಳು, ಹೂವಿನವಳು, ಬೀಗ ರಿಪೇರಿಯವನು. ಮಳೆಗಾಲದಲ್ಲಿ ನೀಲಿಯ ತಾಡಪಾಲು ಮೇಲೇರುತ್ತದೆ. ಬೇಸಗೆಯಲ್ಲಿ ಅದೇ ನೆರಳು. ಈಚೆಗೆ ತಕ್ಕಡಿಯ ಪಕ್ಕದಲ್ಲಿ ಮೊಬೈಲಿನಿಂದ ಹಣ ಕೊಡುವುದಕ್ಕಾಗಿ ಚೌಕುಳಿ ಚಿತ್ರದ ಫಲಕವೂ ಬಂದಿದೆ. ಸೋಮವಾರದಿಂದ ಶನಿವಾರದ ರಾತ್ರಿಯವರೆಗೆ ಇಲ್ಲಿ ಕಾಲಿಡಲು ಜಾಗವಿಲ್ಲ. ಭಾನುವಾರ ಮಾತ್ರ ಬೀದಿ ಬರಿದು. ಯಾವ ಸರಕಾರಿ ಹುಕುಮೂ ಇದಕ್ಕೆ ಕಾರಣವಲ್ಲ. ಕಟ್ಟಡಗಳವರಿಗೂ ವ್ಯಾಪಾರಿಗಳಿಗೂ ನಡುವೆ ಹಿಂದೆ ಎಂದೋ ಆದ ಒಡಂಬಡಿಕೆಯಂತೆ.

ಸೊಪ್ಪು ಮಾರುವವಳ ದಿನವು ನೀವು ಬೀದಿಯಲ್ಲಿ ಅವಳನ್ನು ಕಾಣುವ ಹೊತ್ತಿಗೆ ಆರಂಭವಾಗುವುದಲ್ಲ. ಮುಂಬಯಿಗೆ ಬರುವ ತರಕಾರಿಯ ಬಹುಪಾಲು ವಾಶಿಯ ದೊಡ್ಡ ಸಗಟು ಪೇಟೆಗೆ ಇಳಿಯುತ್ತದೆ. ದಾದರ್ ಸ್ಟೇಷನ್ನಿನ ಪಶ್ಚಿಮ ಭಾಗದಲ್ಲಿಯೂ ಬೆಳಕು ಹರಿಯುವ ಮೊದಲೇ ಸಗಟು ವ್ಯಾಪಾರ ನಡೆಯುವ ರೂಢಿ ಬಹುಕಾಲದಿಂದ ಇದೆ. ನಮ್ಮ ವಿದ್ಯಾರ್ಥಿಯ ತಾಯಿ ಇನ್ನೂ ಕತ್ತಲಿರುವಾಗಲೇ ಎದ್ದು, ಲೋಕಲ್ ಗಾಡಿಯ ಸಾಮಾನಿನ ಡಬ್ಬಿಯಲ್ಲಿ ದಾದರಿಗೆ ಹೋಗಿ, ಮೂಟೆ ಕಟ್ಟಿಸಿಕೊಂಡು ಮರಳಿ, ಸೊಪ್ಪನ್ನು ಬಿಚ್ಚಿ, ಕೊಳೆತುದನ್ನು ಕಿತ್ತು, ನೀರು ಚಿಮುಕಿಸಿ ಸಣ್ಣ ಕಟ್ಟುಗಳಾಗಿ ಕಟ್ಟುತ್ತಾಳೆ. ಆಮೇಲೆ ಬೀದಿ. ಮೆಂತ್ಯ, ಕೊತ್ತಂಬರಿ, ಪಾಲಕಗಳು ಒಂದು ದಿನದ ಮಾಲು. ಶನಿವಾರ ರಾತ್ರಿ ಉಳಿದ ಕಟ್ಟು ಸೋಮವಾರಕ್ಕೆ ಹಳದಿಯಾಗಿರುತ್ತದೆ. ಈರುಳ್ಳಿ ಬಟಾಟೆಯವನಿಗೆ ಈ ತೊಂದರೆಯಿಲ್ಲ. ಆತನ ಮಾಲು ಒಂದು ವಾರ ಕಾಯಬಲ್ಲುದು. ಒಂದೇ ಬೀದಿಯಲ್ಲಿ ಕುಳಿತವರಿಗೆಲ್ಲ ಭಾನುವಾರದ ನಷ್ಟ ಒಂದೇ ತೆರನಾದುದಲ್ಲವೆಂಬುದನ್ನು ಗಮನಿಸಿರಿ.

ವಾರಕ್ಕೊಂದು ದಿನ ಎಂಬ ಲೆಕ್ಕ ಸಂತೆಗೆ ಹೊಸದಲ್ಲ. ನಮ್ಮ ನಾಡಿನಲ್ಲಿ ಸಂತೆಗೆ ವಾರವೇ ಹೆಸರು ಕೊಟ್ಟಿದೆ. ಕೊಡಗಿನಲ್ಲಿ ಸೋಮವಾರಪೇಟೆ ಇದೆ, ಶನಿವಾರಸಂತೆ ಇದೆ. ಪುಣೆಯಲ್ಲಿ ಏಳು ವಾರಗಳ ಹೆಸರಿನಲ್ಲಿಯೂ ಪೇಟೆಗಳಿವೆ. ವಿಜಯನಗರಕ್ಕೆ ಸುಮಾರು ೧೫೨೦ರಲ್ಲಿ ಬಂದಿದ್ದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸನು, ಆ ಪಟ್ಟಣದಲ್ಲಿ ದಿನಕ್ಕೊಂದು ಕಡೆ ಸಂತೆ ಕೂಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇದರ ಗುಟ್ಟು ಸರಳವಾದುದು. ಒಂದು ಹಳ್ಳಿಯ ಕೊಳ್ಳುವ ಶಕ್ತಿಯು ಬಳೆಗಾರನನ್ನೋ ಬಟ್ಟೆಯವನನ್ನೋ ದಿನವೂ ಸಾಕಲಾರದು. ಆರು ಹಳ್ಳಿಗಳನ್ನು ಸೇರಿಸಿದರೆ ಸಾಕಬಲ್ಲುದು. ಆದಕಾರಣ ವ್ಯಾಪಾರಿಯು ಊರಿಂದೂರಿಗೆ ಸುತ್ತುತ್ತಾನೆ, ಊರುಗಳು ತಮ್ಮ ತಮ್ಮಲ್ಲಿ ವಾರವನ್ನು ಹಂಚಿಕೊಳ್ಳುತ್ತವೆ. ನಾವು ಓದಿದ ಊರಿನಲ್ಲಿ ಗುರುವಾರ ಸಂತೆ. ಅಂದು ಮಧ್ಯಾಹ್ನದ ಮೇಲೆ ತರಗತಿಯಲ್ಲಿ ಅರ್ಧ ಬೆಂಚುಗಳು ಖಾಲಿ; ನಮ್ಮ ಮಾಸ್ತರರು ಹಾಜರಿ ಕರೆಯುವ ಶ್ರಮವನ್ನೇ ತೆಗೆದುಕೊಳ್ಳುತ್ತಿರಲಿಲ್ಲ.

ನಗರದ ಬೀದಿಯಲ್ಲಿ ಇದೇ ಲೆಕ್ಕ ತಲೆಕೆಳಗಾಗಿ ನಿಂತಿದೆ. ಹಳ್ಳಿಯಲ್ಲಿ ವಾರಕ್ಕೊಂದು ದಿನ ಸಂತೆ ಉಂಟು, ಆರು ದಿನ ಇಲ್ಲ. ಇಲ್ಲಿ ಆರು ದಿನ ಉಂಟು, ಒಂದು ದಿನ ಇಲ್ಲ. ಆ ಒಂದು ದಿನ ಭಾನುವಾರವೇ ಏಕಾಯಿತು?

ಈ ವಾರಕ್ಕೆ ನಮ್ಮ ಶಾಲೆಯಲ್ಲಿಯೇ ಎಷ್ಟು ಹೆಸರು ನೋಡಿರಿ! ಮೈಸೂರು ಕಡೆಯವರು ಭಾನುವಾರವೆನ್ನುತ್ತಾರೆ, ಧಾರವಾಡ ಕಲಬುರಗಿಯವರು ರವಿವಾರ ಅಥವಾ ಐತವಾರವೆನ್ನುತ್ತಾರೆ, ಕರಾವಳಿಯವರಿಗೆ ಆದಿತ್ಯವಾರ. ಹೆಸರೇನೇ ಇರಲಿ, ಅದು ದುಡಿಯುವವರ ರಜೆಯಾದುದು ತಾನಾಗಿ ಅಲ್ಲ; ಹೋರಾಡಿ ಪಡೆದುದು. ಆ ಹೋರಾಟವು ಇದೇ ಮುಂಬಯಿಯಲ್ಲಿ ನಡೆಯಿತೆಂಬುದು ಇಲ್ಲಿ ಓದುವ ನಮ್ಮ ಮಕ್ಕಳಲ್ಲಿ ಹಲವರಿಗೆ ಗೊತ್ತಿಲ್ಲ.

ಇಂಗ್ಲಿಷರ ಆಳ್ವಿಕೆಯಲ್ಲಿ ಕಚೇರಿಗಳಿಗೆ ಭಾನುವಾರ ರಜೆಯಿದ್ದಿತು. ಆದರೆ ಬಟ್ಟೆ ಗಿರಣಿಗಳ ಕೂಲಿಗಾರರಿಗೆ ಅಂತಹ ವಾರದ ಬಿಡುವಿರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಎಂಬುವರು ಈ ಕೂಲಿಗಾರರ ಪರವಾಗಿ ನಿಂತರು. ಇವರು ಮಹಾತ್ಮಾ ಫುಲೆಯವರ ಸತ್ಯಶೋಧಕ ಮಾರ್ಗದವರು, ‘ದೀನಬಂಧು’ ಪತ್ರಿಕೆಯ ಸಂಪಾದಕರು, ಸ್ವತಃ ಗಿರಣಿಯಲ್ಲಿ ಕೆಲಸಮಾಡಿ ಅಲ್ಲಿಯ ಕಷ್ಟವನ್ನು ಬಲ್ಲವರು. ೧೮೮೪ರಲ್ಲಿ ಅವರು ಕೂಲಿಗಾರರ ಸಭೆಗಳನ್ನು ಕೂಡಿಸಿ, ಸುಮಾರು ೫,೫೦೦ ಮಂದಿಯ ಸಹಿಯುಳ್ಳ ಬೇಡಿಕೆಯ ಪತ್ರವನ್ನು ಸಿದ್ಧಪಡಿಸಿದರು. ವಾರಕ್ಕೊಂದು ದಿನ ಬಿಡುವು ಬೇಕೆಂಬುದು ಅದರ ಮುಖ್ಯ ಬೇಡಿಕೆಗಳಲ್ಲಿ ಒಂದು. ಆರು ವರ್ಷ ಅದು ಈಡೇರಲಿಲ್ಲ. ೧೮೯೦ರ ಏಪ್ರಿಲ್ ೨೪ರಂದು ಮುಂಬಯಿಯಲ್ಲಿ ಸುಮಾರು ೧೦,೦೦೦ ಕೂಲಿಗಾರರ ಸಭೆ ಸೇರಿತು. ಇಬ್ಬರು ಹೆಂಗಸರು ಎದ್ದು ನಿಂತು ಮಾತನಾಡಿದರು. ಅದೇ ವರ್ಷದ ಜೂನ್ ೧೦ರಂದು ಗಿರಣಿ ಮಾಲೀಕರ ಸಂಘವು ವಾರದ ರಜೆಯನ್ನು ಒಪ್ಪಿಕೊಂಡಿತು. ಮರುವರ್ಷದ ಕಾರ್ಖಾನೆ ಕಾನೂನಿನಲ್ಲಿಯೂ ವಾರದ ಬಿಡುವು ಸೇರಿತು. ೨೦೦೫ರಲ್ಲಿ ಅಂಚೆ ಇಲಾಖೆಯವರು ಲೋಖಂಡೆಯವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದ್ದಾರೆ. ಚೀಟಿ ಸಂಗ್ರಹಿಸುವವರು ಹುಡುಕಿನೋಡಬಹುದು.

ಇಲ್ಲೊಂದು ಸ್ವಾರಸ್ಯವಿದೆ. ಭಾನುವಾರವು ಜೇಜೂರಿಯ ಖಂಡೋಬನ ವಾರ, ಆದುದರಿಂದ ಆ ದಿನವೇ ಬಿಡುವಿರಲೆಂದು ಲೋಖಂಡೆಯವರು ವಾದಿಸಿದರೆಂದು ಹೇಳುವುದುಂಟು. ಖಂಡೋಬನೆಂದರೆ ಬೇರೆ ಯಾರೂ ಅಲ್ಲ, ನಮ್ಮವರ ಮೈಲಾರಲಿಂಗನೇ. ಆದಕಾರಣ ಭಾನುವಾರದ ರಜೆಯು ಕೇವಲ ಇಂಗ್ಲಿಷರು ಬಿಟ್ಟುಹೋದ ಪದ್ಧತಿಯೆಂದು ಯಾರಾದರೂ ಹೇಳಿದರೆ ಅರ್ಧ ಮಾತ್ರ ಒಪ್ಪಿರಿ.

ಗಿರಣಿಯ ಕಥೆ ಹೀಗಾಯಿತು. ಅಂಗಡಿಗಳಿಗೆ ೧೯೪೨ರಲ್ಲಿ ವಾರದ ರಜೆಗಳ ಕಾನೂನು ಬಂದಿತು. ವಾರಕ್ಕೊಂದು ದಿನ ಅಂಗಡಿಯನ್ನು ಮುಚ್ಚಬೇಕು, ಮುಚ್ಚಿದ ಕಾರಣಕ್ಕಾಗಿ ಕೆಲಸದವನ ಕೂಲಿಯಲ್ಲಿ ಕಡಿತ ಮಾಡಕೂಡದು, ಎಂಬುದು ಅದರ ಸಾರ. ಈ ಎರಡನೆಯ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ಅದರ ಕೆಲಸವಿದೆ. ೧೯೪೮ರ ಮುಂಬಯಿ ಅಂಗಡಿ ಕಾನೂನೂ ವಾರಕ್ಕೊಂದು ದಿನ ಬಾಗಿಲು ಮುಚ್ಚಬೇಕೆಂದೇ ವಿಧಿಸಿತ್ತು. ೨೦೧೭ರಲ್ಲಿ ಮಹಾರಾಷ್ಟ್ರ ಸರಕಾರವು ಅದರ ಬದಲಿಗೆ ಹೊಸ ಕಾನೂನನ್ನು ತಂದಿತು. ಇದರಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು: ಅಂಗಡಿಯು ವಾರದ ಏಳು ದಿನವೂ ತೆರೆದಿರಬಹುದು, ಆದರೆ ಅಲ್ಲಿ ದುಡಿಯುವ ಪ್ರತಿಯೊಬ್ಬನಿಗೂ ವಾರದಲ್ಲಿ ೨೪ ಗಂಟೆಗಳ ಸತತ ಬಿಡುವು ಸಿಗಬೇಕು. ಅಂದರೆ, ಹಿಂದೆ ರಜೆಯು ಬಾಗಿಲಿಗೆ ಇದ್ದಿತು, ಈಗ ಮನುಷ್ಯನಿಗೆ ಬಂದಿತು. ಹತ್ತು ಮಂದಿ ಕೆಲಸದವರಿದ್ದರೆ ಒಬ್ಬೊಬ್ಬರು ಒಂದೊಂದು ದಿನ ಬಿಡುವು ಪಡೆಯಬಹುದು, ಬಾಗಿಲು ಮುಚ್ಚಬೇಕಾಗಿಲ್ಲ.

ನಮ್ಮ ಚರ್ಚಾಕೂಟದಲ್ಲಿ ಒಬ್ಬಳು ಜಾಣೆ ಇದೇ ವಾದವನ್ನು ತಾನಾಗಿಯೇ ಕಂಡುಹಿಡಿದು ಮಂಡಿಸಿದಳು: ‘ಬೀದಿ ತೆರೆದಿರಲಿ, ವ್ಯಾಪಾರಿಗಳು ತಮತಮಗೆ ಬೇಕಾದ ದಿನ ರಜೆ ತೆಗೆದುಕೊಳ್ಳಲಿ.’ ಬಹಳ ಚಪ್ಪಾಳೆ ಬಿದ್ದಿತು. ಆದರೆ ವಾದ ಸೋಲುವುದು ಅಲ್ಲಿಯೇ. ಅಂಗಡಿಯ ನೌಕರನಿಗೆ ಒಬ್ಬ ಯಜಮಾನನಿದ್ದಾನೆ. ಬಿಡುವು ಕೊಡೆಂದು ಕಾನೂನು ಯಜಮಾನನಿಗೆ ಹೇಳಬಲ್ಲುದು. ಸೊಪ್ಪು ಮಾರುವವಳಿಗೆ ತಾನೇ ಯಜಮಾನಿ, ತಾನೇ ಆಳು. ಅವಳಿಗೆ ಬಿಡುವು ಕೊಡೆಂದು ಯಾರಿಗೆ ಹೇಳುವುದು? ಅವಳೊಬ್ಬಳೇ ಬುಧವಾರ ಮನೆಯಲ್ಲಿ ಕುಳಿತರೆ, ಅವಳ ಗಿರಾಕಿಯು ಪಕ್ಕದ ಗೋಣಿಗೆ ಹೋಗುತ್ತಾನೆ. ಒಮ್ಮೆ ಹೋದವನು ಗುರುವಾರ ಹಿಂದಿರುಗಿ ಬರುವನೆಂಬ ನಂಬಿಕೆಯಿಲ್ಲ. ಕುಳಿತ ಜಾಗವನ್ನು ಇನ್ನೊಬ್ಬರು ಹಿಡಿಯುವ ಭಯವೂ ಉಂಟು. ಆದುದರಿಂದ ಯಾರಿಗೂ ಮನಸ್ಸಿಲ್ಲದಿದ್ದರೂ ಎಲ್ಲರೂ ಬರುತ್ತಾರೆ, ಒಬ್ಬರನ್ನು ನೋಡಿ ಒಬ್ಬರು. ಇಡೀ ಬೀದಿ ಒಟ್ಟಾಗಿ ಮುಚ್ಚಿದರೆ ಮಾತ್ರ ಈ ಕಟ್ಟು ಬಿಚ್ಚೀತು.

ಹಾಗಾದರೆ ಈಗಿನಂತೆ ಭಾನುವಾರ ಮುಚ್ಚಿರುವುದೇ ಸರಿಯಲ್ಲವೆ? ನಾವೂ ಮೊದಲು ಹಾಗೆಂದೇ ತಿಳಿದಿದ್ದೆವು. ಆ ತಾಯಿಯನ್ನು ಕೇಳಿಯೇ ಬಿಡೋಣವೆಂದು ಒಂದು ಸಂಜೆ ಬೀದಿಗೆ ಹೋದೆವು. ‘ವಾರದಲ್ಲಿ ನಿಮಗೆ ಬಿಡುವಿನ ದಿನ ಯಾವುದು, ತಾಯಿ?’ ಎಂದು ಕೇಳಿದುದಕ್ಕೆ, ‘ಜೋರ ಮಳಿ ಹೊಡದ ದಿನ ನೋಡ್ರಿ, ಮಾಸ್ತರ’ ಎಂದಳು. ಭಾನುವಾರ ಈ ಬೀದಿ ಮುಚ್ಚಿರುತ್ತದೆಂದು ಅವಳು ಮನೆಯಲ್ಲಿರುವುದಿಲ್ಲ. ಬುಟ್ಟಿಯನ್ನು ಹೊತ್ತು ಎರಡು ಸ್ಟೇಷನ್ ಆಚೆಯ ಇನ್ನೊಂದು ಬೀದಿಗೆ ಹೋಗುತ್ತಾಳೆ. ಅಲ್ಲಿ ಅವಳಿಗೆ ನೆಲೆಯಾದ ಜಾಗವಿಲ್ಲ. ಪಾಲಿಕೆಯ ಗಾಡಿ ಬಂದರೆ ಬುಟ್ಟಿಯನ್ನೆತ್ತಿಕೊಂಡು ಓಡಬೇಕು. ಅದಕ್ಕಾಗಿ ಮಗನು ಜೊತೆಗೆ ಹೋಗಿ ಕಾವಲಿರುತ್ತಾನೆ. ರೈಲು ಹಳಿಗಳ ದುರಸ್ತಿಗಾಗಿ ಭಾನುವಾರಗಳಲ್ಲಿ ಮೆಗಾಬ್ಲಾಕ್ ಇರುವುದನ್ನು ನೀವು ಬಲ್ಲಿರಿ. ಅಂದು ಬುಟ್ಟಿಯೊಡನೆ ಗಾಡಿ ಹತ್ತುವುದು ಎಂತಹ ಪಾಡೆಂದು ಹೇಳಬೇಕಾಗಿಲ್ಲ. ಆ ಹುಡುಗನ ಮನೆಗೆಲಸದ ಪುಸ್ತಕವು ಸೋಮವಾರ ಏಕೆ ಬರಿದಾಗಿರುತ್ತದೆಂಬುದು ನಮಗೆ ಅಂದು ತಿಳಿಯಿತು. ಅದಕ್ಕಾಗಿ ನಾವು ಅವನನ್ನು ಎರಡು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆವು.

ಶಾಲೆಯ ಹೊತ್ತನ್ನು ಬಿಟ್ಟು, ರಜೆಯ ದಿನಗಳಲ್ಲಿ ಮನೆತನದ ಕೆಲಸಕ್ಕೆ ಮಕ್ಕಳು ನೆರವಾಗುವುದನ್ನು ೨೦೧೬ರಲ್ಲಿ ತಿದ್ದಿದ ಬಾಲದುಡಿಮೆಯ ಕಾನೂನು ತಡೆಯುವುದಿಲ್ಲ. ಆದುದರಿಂದ ಇಲ್ಲಿ ಯಾರೂ ತಪ್ಪಿತಸ್ಥರಲ್ಲ. ಆದರೆ ಲೋಖಂಡೆಯವರ ಭಾನುವಾರವು ಆ ಹುಡುಗನ ಮನೆಯವರೆಗೆ ಬಂದಿಲ್ಲ.

ಕಾರಣವೇನು? ೧೯೪೨ರ ಕಾನೂನಿನ ಆ ಎರಡನೆಯ ಮಾತನ್ನು ಈಗ ನೆನಪಿಗೆ ತಂದುಕೊಳ್ಳಿರಿ. ಬಿಡುವಿಗೆ ಒಂದು ಬೆಲೆಯುಂಟು. ನೌಕರನ ಬಿಡುವಿನ ಬೆಲೆಯನ್ನು ಯಜಮಾನನು ತೆರುತ್ತಾನೆ. ನಮ್ಮಂತಹ ಮಾಸ್ತರರ ಭಾನುವಾರಕ್ಕೂ ಸಂಬಳ ಬರುತ್ತದೆ. ಬೀದಿಯ ವ್ಯಾಪಾರಿಯ ಬಿಡುವಿನ ಬೆಲೆಯನ್ನು ವ್ಯಾಪಾರಿಯೇ ತೆರಬೇಕು, ಅದೂ ಆ ದಿನದ ಗಳಿಕೆಯಿಂದ. ಬೀದಿಯನ್ನು ಮುಚ್ಚಿದ ಮಾತ್ರಕ್ಕೆ ಅವಳಿಗೆ ವಿಶ್ರಾಂತಿ ಸಿಗದು. ವಿಶ್ರಾಂತಿಯ ಬೆಲೆಯು ಅವಳ ಕೈಗೆಟುಕುವಂತಿರಬೇಕು.

ಇದನ್ನೊಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ನಾವು ಕಲ್ಪಿಸಿಕೊಂಡವು; ಕ್ರಮವನ್ನಷ್ಟೇ ನೋಡಿರಿ. ಮಂಗಳವಾರದಿಂದ ಶನಿವಾರದವರೆಗೆ ಐದು ದಿನ ದಿನಕ್ಕೆ ೫೦೦ ರೂಪಾಯಿ ಉಳಿಯುವುದೆನ್ನೋಣ. ಭಾನುವಾರ ಎಲ್ಲರೂ ಮನೆಯಲ್ಲಿರುವುದರಿಂದ ೮೦೦. ಭಾನುವಾರ ಕೊಂಡವರು ಮರುದಿನ ಕೊಳ್ಳುವುದು ಕಡಿಮೆ. ಆದುದರಿಂದ ಸೋಮವಾರಕ್ಕೆ ೩೦೦. ಭಾನುವಾರ ಮುಚ್ಚಿ ಸೋಮವಾರ ತೆರೆದರೆ, ಆಗ ಸೋಮವಾರವೂ ಉಳಿದ ದಿನಗಳಂತೆ ೫೦೦ ತಂದೀತು, ವಾರಕ್ಕೆ ೩,೦೦೦. ಸೋಮವಾರ ಮುಚ್ಚಿ ಭಾನುವಾರ ತೆರೆದರೆ ೩,೩೦೦. ಎರಡರಲ್ಲಿಯೂ ದುಡಿದುದು ಆರೇ ದಿನ. ಏಳೂ ದಿನ ತೆರೆದರೆ ೩,೬೦೦ ಆಗುವುದಷ್ಟೆ; ೩,೩೦೦ಕ್ಕೆ ಏಳನೆಯ ದಿನವು ಕೂಡಿಸುವುದು ಕೇವಲ ೩೦೦. ಸಂತೆ ಏಳು ದಿನ ತೆರೆದರೆ ವ್ಯಾಪಾರವು ಆರನೆಯ ಒಂದು ಭಾಗ ಹೆಚ್ಚುವುದೆಂದು ಚರ್ಚೆಯಲ್ಲಿ ಒಬ್ಬನು ಭಿನ್ನರಾಶಿಯಿಂದ ಸಾಧಿಸಿದ್ದನು. ಭಿನ್ನರಾಶಿ ಸರಿ, ಆದರೆ ಒಂದು ಮನೆಯವರು ವಾರಕ್ಕೆ ತಿನ್ನುವ ಬದನೆಕಾಯಿ ಸಂತೆಯ ದಿನಗಳನ್ನು ಎಣಿಸಿ ಹೆಚ್ಚುವುದಿಲ್ಲವಲ್ಲ!

ಒಂದು ವಿಧದಲ್ಲಿ ಮಾತ್ರ ಬೀದಿಯ ಒಟ್ಟು ವ್ಯಾಪಾರ ಹೆಚ್ಚಬಹುದು. ಇಂದು ಭಾನುವಾರ ಬೀದಿ ಮುಚ್ಚಿರುವಾಗ ಕಟ್ಟಡಗಳ ಜನರು ಉಪವಾಸವಿರುವುದಿಲ್ಲ. ಏಳು ದಿನವೂ ತೆರೆದಿರುವ ಮಾಲ್‌ಗೆ ಹೋಗುತ್ತಾರೆ, ಇಲ್ಲವೆ ಮೊಬೈಲನ್ನು ಒತ್ತಿದ ಕೆಲವೇ ನಿಮಿಷಗಳಲ್ಲಿ ಕೊತ್ತಂಬರಿಯನ್ನು ಬಾಗಿಲಿಗೆ ತರಿಸಿಕೊಳ್ಳುತ್ತಾರೆ. ಹಿಂದೆ ಅಂಗಡಿಗಳೆಲ್ಲವೂ ವಾರಕ್ಕೊಂದು ದಿನ ಮುಚ್ಚುತ್ತಿದ್ದಾಗ ಬೀದಿಯ ರಜೆಯಿಂದ ಬೀದಿಗೆ ಇಷ್ಟು ಹಾನಿಯಿರಲಿಲ್ಲ. ೨೦೧೭ರ ಬಳಿಕ ಆ ಆಸರೆ ಹೋಯಿತು. ಇನ್ನು ಕಟ್ಟಡ ಕಟ್ಟುವ ಕೆಲಸಕ್ಕೆಂದು ಯಾದಗಿರಿ, ಕಲಬುರಗಿ, ವಿಜಯಪುರಗಳಿಂದ ಬಂದಿರುವ ನಮ್ಮ ಜನರ ಮಾತು. ವಾರದ ಬಟವಡೆ ಕೈಗೆ ಬಂದ ಮರುದಿನವೇ ಅವರ ಸಂತೆ. ಅವರಿಗೆ ಮಾಲ್‌ ದೂರ, ಮೊಬೈಲಿನ ತರಕಾರಿ ಇನ್ನೂ ದೂರ. ಹತ್ತು ರೂಪಾಯಿಗೆ ಕೇಳಿ ಕೊಳ್ಳಲು ಬೀದಿಯೇ ಬೇಕು. ತೆರೆಯಬೇಕೆಂಬ ಪಕ್ಷದ ನಿಜವಾದ ಬಲ ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ಚರ್ಚೆಯಲ್ಲಿ ಇದನ್ನು ಯಾರೂ ಎತ್ತಲಿಲ್ಲ.

ಅಂಗಡಿಯ ರಜೆಯು ಬೀದಿಯ ಹಬ್ಬವಾಗುವುದು ಇತರ ನಗರಗಳಲ್ಲಿಯೂ ಉಂಟು. ದೆಹಲಿಯ ದರಿಯಾಗಂಜಿನಲ್ಲಿ ಭಾನುವಾರ ಮುಚ್ಚಿದ ಅಂಗಡಿಗಳ ಮುಂದಿನ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕಗಳ ಸಂತೆ ದಶಕಗಳ ಕಾಲ ನಡೆಯಿತು. ೨೦೧೯ರಲ್ಲಿ ನ್ಯಾಯಾಲಯದ ಆದೇಶದಿಂದ ಅದನ್ನು ಅಲ್ಲಿಂದ ಎಬ್ಬಿಸಲಾಯಿತು; ಬಳಿಕ ಸಮೀಪದ ಮಹಿಳಾ ಹಾಟ್ ಆವರಣದಲ್ಲಿ ಜಾಗ ದೊರೆಯಿತು. ಹೈದರಾಬಾದಿನ ಆಬಿಡ್ಸ್‌ನಲ್ಲಿಯೂ ಭಾನುವಾರ ಫುಟ್‌ಪಾತಿನ ತುಂಬ ಪುಸ್ತಕಗಳೇ. ನಮ್ಮ ಮುಂಬಯಿಯ ಚೋರ್ ಬಜಾರಿನ ಅಂಗಡಿಗಳಿಗೆ ಶುಕ್ರವಾರ ರಜೆ. ರಜೆ ಭಾನುವಾರವೇ ಇರಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಹಾಗೆಂದು ಬೀದಿಯ ನಿವಾಸಿಗಳ ಮಾತನ್ನು ತಳ್ಳಿಹಾಕಲಾಗದು. ಬೀದಿಯು ಮಾರುವವರದೂ ಕೊಳ್ಳುವವರದೂ ಮಾತ್ರವಲ್ಲ. ಆ ಕಟ್ಟಡಗಳಲ್ಲಿ ವಯಸ್ಸಾದವರಿದ್ದಾರೆ, ವಾರದಲ್ಲಿ ಒಂದು ದಿನ ಕೂಗಿಲ್ಲದ ಬೆಳಗನ್ನು ಬಯಸುವವರಿದ್ದಾರೆ. ೨೦೨೨ರ ಮಾರ್ಚಿಯಲ್ಲಿ ಮುಂಬಯಿಯ ಪೋಲೀಸರು ಭಾನುವಾರದ ಬೆಳಗ್ಗೆ ಕೆಲವು ಗಂಟೆಗಳ ಕಾಲ ಕೆಲವು ರಸ್ತೆಗಳಲ್ಲಿ ವಾಹನಗಳನ್ನು ನಿಲ್ಲಿಸಿ, ಜನರು ನಡೆಯಲು, ಸೈಕಲ್ ಹೊಡೆಯಲು, ಮಕ್ಕಳು ಆಡಲು ಬಿಟ್ಟುಕೊಟ್ಟಿದ್ದರು. ಎಷ್ಟು ಜನರು ಹೊರಬಂದರೆಂದರೆ, ಈ ನಗರದಲ್ಲಿ ಬರಿಯ ರಸ್ತೆಗಾಗಿಯೂ ಹಸಿವಿದೆಯೆಂದು ಆಗ ತಿಳಿಯಿತು. ಕ್ರಿಕೆಟ್ಟಿನವರನ್ನು ನಾವು ಮೇಲೆ ಹಾಸ್ಯ ಮಾಡಿದುದನ್ನು ಇಷ್ಟರಮಟ್ಟಿಗೆ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ.

ಕಾನೂನು ಏನು ಹೇಳುತ್ತದೆ? ಬೀದಿಯಲ್ಲಿ ವ್ಯಾಪಾರ ಮಾಡುವುದೂ ಸಂವಿಧಾನವು ಕೊಟ್ಟ ಉದ್ಯೋಗದ ಹಕ್ಕಿನೊಳಗೆ ಬರುವುದೆಂದೂ, ಆದರೆ ಅದಕ್ಕೆ ಯುಕ್ತವಾದ ನಿರ್ಬಂಧಗಳನ್ನು ಹಾಕಬಹುದೆಂದೂ ಸುಪ್ರೀಂ ಕೋರ್ಟು ೧೯೮೯ರಲ್ಲಿ ಸೋದನ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿತು. ೨೦೧೪ರಲ್ಲಿ ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವ ಕಾನೂನು ಬಂದಿತು. ಅದರ ಪ್ರಕಾರ ಪ್ರತಿ ಪಟ್ಟಣದಲ್ಲಿಯೂ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಶೇಕಡಾ ೪೦ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಿರಬೇಕು. ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರಿರಬೇಕು. ಹೊತ್ತನ್ನು ಹಂಚಿಕೊಂಡು ವ್ಯಾಪಾರ ನಡೆಸುವ ಏರ್ಪಾಡಿಗೂ ಅದರಲ್ಲಿ ಅವಕಾಶವಿದೆ. ಹಾಗಾದರೆ ನಮ್ಮ ಬೀದಿಯ ಮನವಿಯಲ್ಲಿ ಒಂದು ಲೋಪವಿದೆಯೆಂಬುದು ಸ್ಪಷ್ಟ. ಅದು ಕಟ್ಟಡಗಳ ಎಲ್ಲ ಮಹಡಿಗಳನ್ನೂ ಹತ್ತಿ ಇಳಿಯಿತು. ಗೋಣಿಗಳ ಬಳಿಗೆ ಮಾತ್ರ ಹೋಗಲಿಲ್ಲ. ಹುಡುಗನು ಹೇಳಿದುದೂ ಇಷ್ಟನ್ನೇ.

ಇಷ್ಟನ್ನು ತಿಳಿದ ಮೇಲೆ ನಾವೊಂದು ತೀರ್ಮಾನಕ್ಕೆ ಬಂದೆವು. ಭಾನುವಾರ ಸಂತೆ ತೆರೆಯಲಿ. ಅದರ ಬದಲಿಗೆ ಸೋಮವಾರ ಇಡೀ ಬೀದಿ ಒಟ್ಟಿಗೆ ಮುಚ್ಚಲಿ. ಗಳಿಕೆ ಎಲ್ಲಕ್ಕಿಂತ ಕಡಿಮೆಯಿರುವ ದಿನವೇ ಬಿಡುವಿನ ದಿನವಾದರೆ ಬಿಡುವಿನ ಬೆಲೆಯೂ ಎಲ್ಲಕ್ಕಿಂತ ಕಡಿಮೆ. ಇದನ್ನು ಬಹಳ ಹೆಮ್ಮೆಯಿಂದ ಕರಿಹಲಗೆಯ ಮೇಲೆ ಅಂಕಿಗಳ ಸಮೇತ ಬರೆದು ತರಗತಿಗೆ ವಿವರಿಸಿದೆವು. ಎಲ್ಲರೂ ತಲೆದೂಗಿದರು. ಆ ಹುಡುಗನು ಈ ಸಲ ಎದ್ದುನಿಂತನು. ‘ಸರ್, ಸೋಮವಾರ ಅವ್ವಗ ಸೂಟಿ. ಸೋಮವಾರ ನನಗ ಸಾಲಿ’ ಎಂದನು.

ಕರಿಹಲಗೆಯ ಮೇಲಿನ ಲೆಕ್ಕದಲ್ಲಿ ಈ ಸಾಲು ಇರಲಿ, ಅದಕ್ಕೆ ಜಾಗವೂ ಇರಲಿಲ್ಲ. ಎಲ್ಲರಿಗೂ ಒಂದೇ ದಿನ ರಜೆಯಿರಬೇಕೆಂದು ಹಿಂದಿನವರು ಏಕೆ ಹಂಬಲಿಸಿದರೆಂಬುದು ನಮಗೆ ಅಂದು ಮನವರಿಕೆಯಾಯಿತು. ಬಿಡುವೆಂದರೆ ಕೆಲಸವಿಲ್ಲದಿರುವುದಷ್ಟೇ ಅಲ್ಲ. ಮನೆಯವರೆಲ್ಲ ಒಂದೇ ಹೊತ್ತಿಗೆ ಮನೆಯಲ್ಲಿರುವುದೂ ಹೌದು.

ಆದುದರಿಂದ ತೀರ್ಮಾನವನ್ನು ತಿದ್ದಿದ್ದೇವೆ. ಭಾನುವಾರ ಬೆಳಗಿನಿಂದ ಮಧ್ಯಾಹ್ನ ಒಂದು ಗಂಟೆಯವರೆಗೆ ಮಾತ್ರ ಸಂತೆ ನಡೆಯಲಿ. ಆಮೇಲೆ ಬೀದಿಯನ್ನು ಗುಡಿಸಿ ಬರಿದು ಮಾಡಲಿ. ಸೋಮವಾರ ಪೂರ್ತಿ ಬಿಡುವು. ಅದೇ ಲೆಕ್ಕದಲ್ಲಿ, ಭಾನುವಾರದ ೮೦೦ರ ಬದಲು ಅರ್ಧ ದಿನಕ್ಕೆ ೬೦೦ ಬಂದರೂ ವಾರಕ್ಕೆ ೩,೧೦೦ ಆಗುತ್ತದೆ. ಈಗಿನ ೩,೦೦೦ಕ್ಕಿಂತ ಕಡಿಮೆಯಿಲ್ಲ, ಎರಡು ಸ್ಟೇಷನ್ ಆಚೆಗೆ ಬುಟ್ಟಿ ಹೊರುವುದೂ ತಪ್ಪುತ್ತದೆ. ಸಂಜೆ ಕ್ರಿಕೆಟ್ಟಿಗೂ ಬೀದಿ ಸಿಗುತ್ತದೆ. ಕೂಲಿಯವರು ಬೆಳಗ್ಗೆ ಬಂದು ಕೊಳ್ಳಬಹುದು. ತಾಯಿಮಕ್ಕಳಿಗೆ ಅರ್ಧ ದಿನ ಉಳಿಯುತ್ತದೆ, ಅರ್ಧವೇ, ಪೂರ್ತಿಯಲ್ಲ. ಪೂರ್ತಿ ಕೊಡಿಸುವ ದಾರಿ ನಮಗೆ ಕಾಣಲಿಲ್ಲ.

ಈ ಏರ್ಪಾಡನ್ನು ತಿಳಿಸಲು ಮತ್ತೊಮ್ಮೆ ಬೀದಿಗೆ ಹೋಗಿದ್ದೆವು. ಆ ತಾಯಿ ಕೊತ್ತಂಬರಿಯ ಕಟ್ಟು ಬಿಗಿಯುತ್ತಲೇ ಎಲ್ಲವನ್ನೂ ಕೇಳಿದಳು. ಅಂಕಿಗಳ ಬಗ್ಗೆ ಏನನ್ನೂ ಹೇಳಲಿಲ್ಲ. ಪಕ್ಕದ ಗೋಣಿಯ ಕಡೆಗೊಮ್ಮೆ ನೋಡಿ, ‘ಸೋಮವಾರ ಎಲ್ಲಾರೂ ಮುಚ್ಚತಾರೇನ್ರಿ, ಮಾಸ್ತರ?’ ಎಂದು ಕೇಳಿದಳು. ಮನವಿಯನ್ನು ಬರೆದವರು ಅದರ ಎರಡನೆಯ ಹಾಳೆಯಲ್ಲಿ ಈ ಪ್ರಶ್ನೆಯನ್ನು ಸೇರಿಸಲು ಒಪ್ಪಿದ್ದಾರೆ. ಅದನ್ನು ಹಿಡಿದು ಗೋಣಿಯಿಂದ ಗೋಣಿಗೆ ಹೋಗಿ ಉತ್ತರ ಬರೆದುಕೊಂಡು ಬರುವ ಕೆಲಸವನ್ನು ಒಂಬತ್ತನೆಯ ತರಗತಿಯವರಲ್ಲಿ ಆರು ಮಂದಿಗೆ ವಹಿಸಿದ್ದೇವೆ; ಆ ಹುಡುಗನೂ ಅವರಲ್ಲೊಬ್ಬನು.